ಬೆಳಗ್ಗೆ ಮಾತ್ರ ಉಸಿರು ಕಟ್ಟುವ ಬೈಕು

ಕಲ್ಲುಗುಂಡಿ
3 ನವೆಂಬರ್ 2024

ಅಪ್ಪ,

ನನ್ನ ಅಕ್ಷರ ನೋಡಿದ ಕೂಡ್ಲೆ ಹರಿದು ಹಾಕ್ಬೇಡಿ. ಇದು ಬೈಕಿನ ವಿಷಯ.

ನಾನು ಫೋನ್ ಮಾಡಿದ್ರೆ ನೀವು ತೆಗೆಯುದಿಲ್ಲ. ಅಮ್ಮನ ಹತ್ರ ಹೇಳಿ ಕಳಿಸುವ ಅಂದ್ರೆ, ನಾನು ಕಾರ್ಬೊರೇಟರ್ ಅಂತ ಹೇಳಿದ್ದು ನಿಮ್ಮ ಕಿವಿಗೆ ಬೀಳುವಾಗ ಕುಕ್ಕರ್ ಆಗಿರ್ತದೆ. ರಕ್ಷಿತ್‌ನನ್ನೇ ಮದುವೆ ಆಗುದು ಅಂತ ನಾನು ಹೇಳಿದ ದಿನ ನೀವು ಕಡಬದಲ್ಲಿ ನಮ್ಮ ಹಿರಿಯರ ತರವಾಡು ಮನೆಯ ಚಾವಡಿಯಲ್ಲಿ, ದೈವದ ಎದುರು ನಿಂತು, "ಇನ್ನು ಅವಳತ್ರ ಒಂದು ಮಾತು ಆಡುದಿಲ್ಲ" ಅಂತ ಹೇಳಿದ್ರಿ. ಎರಡು ವರ್ಷ ಆಯ್ತು, ಆಡ್ಲಿಲ್ಲ. ನಾನು ಕೂತು ಯೋಚನೆ ಮಾಡಿದೆ. ಆಡುದಿಲ್ಲ ಅಂತ ಹೇಳಿದ್ದು ಹೌದು. ಬರೆಯುದಿಲ್ಲ ಅಂತ ನೀವು ಹೇಳ್ಲಿಲ್ಲ, ಓದುದಿಲ್ಲ ಅಂತಲೂ ಹೇಳ್ಲಿಲ್ಲ. ದೈವಕ್ಕೆ ಕೋಪ ಬರ್ಲಿಕ್ಕೆ ಇದರಲ್ಲಿ ಎಂತದೂ ಇಲ್ಲ.

ಈಗ ವಿಷಯಕ್ಕೆ ಬರ್ತೇನೆ. ಈ ಮನೆಯಲ್ಲಿ ಹಳೇ ಟೂ ಸ್ಟ್ರೋಕ್ ಬೈಕು ಒಂದು ಉಂಟು. ತೀರಿಹೋದ ಜತ್ತಪ್ಪ ಮಾವ ತೆಗೆದದ್ದು, ನನಗಿಂತ ಪ್ರಾಯದಲ್ಲಿ ದೊಡ್ಡದು. ರಕ್ಷಿತ್ ಬೆಳಗ್ಗೆ ಬೆಳಗ್ಗೆ ಜೀಪು ತೆಗೆದುಕೊಂಡು ಹೋಗ್ತಾರೆ, ನಾನು ಈ ಬೈಕಿನಲ್ಲಿ ಅರಂತೋಡಿನ ಶಾಲೆಗೆ ಪಾಠ ಮಾಡ್ಲಿಕ್ಕೆ ಹೋಗುದು. ಚೆನ್ನಾಗಿಯೇ ಇತ್ತು. ಹೋದ ತಿಂಗಳು ಏರ್ ಫಿಲ್ಟರ್ ತೆರೆದು ನೋಡಿದ್ರೆ ಒಳಗಿನ ಸ್ಪಂಜು ಹಳೇ ರೊಟ್ಟಿಯ ಹಾಗೆ ಪುಡಿಪುಡಿ. ರಕ್ಷಿತ್ ಆನ್‌ಲೈನಿನಲ್ಲಿ ತುತ್ತೂರಿಯ ಹಾಗಿರುವ ಒಂದು ಫಿಲ್ಟರ್ ತರಿಸಿ, ಹಳೇ ಫಿಲ್ಟರಿನ ಪೆಟ್ಟಿಗೆಯನ್ನೇ ಬಿಚ್ಚಿ, ಇದನ್ನು ಸೀದಾ ಕಾರ್ಬೊರೇಟರಿಗೆ ಸಿಕ್ಕಿಸಿದ್ರು. ನೋಡ್ಲಿಕ್ಕೆ ಜೋರು. ಅವತ್ತಿನಿಂದ ಶುರುವಾಯ್ತು.

ಸ್ಟಾರ್ಟ್ ಆಗ್ತದೆ. ಮೆಲ್ಲ ಹೋದ್ರೆ ಹೋಗ್ತದೆ. ಅರ್ಧ ಎಕ್ಸಲೇಟರ್ ಕೊಟ್ಟ ಕೂಡ್ಲೆ ಯಾರೋ ಹಿಂದಿನಿಂದ ಕ್ಯಾರಿಯರ್ ಹಿಡಿದು ಎಳೆದ ಹಾಗೆ. ಎಕ್ಸಲೇಟರ್ ಬಿಟ್ರೆ ಸೈಲೆನ್ಸರಿನಲ್ಲಿ ಟಪ್ ಟಪ್. ಒಂದು ವಿಚಿತ್ರ ಎಂತ ಅಂದ್ರೆ, ಚೋಕ್ ಅರ್ಧ ಎಳೆದು ಓಡಿಸಿದ್ರೆ ಸರಿ ಹೋಗ್ತದೆ. ಕಾಯಿಲೆ ಇದ್ದವನು ಕಂಬಳಿ ಹೊದ್ರೆ ಓಡುದು, ತೆಗೆದ್ರೆ ಬೀಳುದು ಅಂದ್ರೆ ಎಂತ ಅರ್ಥ? ಸುಳ್ಯದಲ್ಲಿ ಒಬ್ಬರು ಕಾರ್ಬೊರೇಟರ್ ಬದಲಿಸಿ ಅಂದ್ರು, ಇನ್ನೊಬ್ಬರು ಗುಜರಿಗೆ ಹಾಕಿ ಅಂದ್ರು. ಯಾಕೆ ಹೀಗೆ ಆಗುದು ಅಂತ ಒಬ್ಬರೂ ಹೇಳ್ಲಿಲ್ಲ. ನನಗೆ ಸರಿ ಮಾಡುದಕ್ಕಿಂತ ಮೊದಲು ಆ ಯಾಕೆ ಬೇಕು. ಅಂಗಡಿಯ ಕೌಂಟರಿನ ಮೇಲೆ ಕೂರಿಸಿ ಅದನ್ನು ಅಭ್ಯಾಸ ಮಾಡಿಸಿದವರು ನೀವೇ.

ಉತ್ತರ ಬರೀರಿ. ಬೈಕಿಗಾದ್ರೂ.

ಯಶ್ಮಿತಾ

*

ಪುತ್ತೂರು
11 ನವೆಂಬರ್ 2024

ಕಲ್ಲುಗುಂಡಿಯ ವಾಹನ ಮಾಲಕರಿಗೆ,

ತಮ್ಮ ಪತ್ರ ತಲುಪಿತು. ವಾಹನದ ಕುರಿತಾದ ಪ್ರಶ್ನೆಗಳಿಗೆ ಮಾತ್ರ ಉತ್ತರಿಸಲಾಗುವುದು.

ಆ ತುತ್ತೂರಿಯನ್ನು ಇಂದೇ ತೆಗೆಯತಕ್ಕದ್ದು. ಕಾರಣ ಹೀಗಿದೆ. ಇಂಜಿನ್ ಊಟ ಮಾಡುವುದು ಗಾಳಿ ಮತ್ತು ಪೆಟ್ರೋಲನ್ನು ಕಲಸಿಕೊಂಡು. ಗಾಳಿ ಅನ್ನವಾದರೆ ಪೆಟ್ರೋಲ್ ಸಾರು. ಹಳೆಯ ಪೆಟ್ಟಿಗೆಯು ಗಾಳಿಯನ್ನು ತಡೆದು ತಡೆದು ಬಿಡುತ್ತಿತ್ತು, ಅದಕ್ಕೆ ಸರಿಯಾಗಿ ಸಾರು ಬಡಿಸುವಂತೆ ಕಾರ್ಬೊರೇಟರನ್ನು ಮಾಡಿದ್ದರು. ಈಗ ಪೆಟ್ಟಿಗೆ ತೆಗೆದದ್ದರಿಂದ ಎಲೆ ತುಂಬ ಅನ್ನ ಬಿತ್ತು, ಸಾರು ಮಾತ್ರ ಮೊದಲಿನಷ್ಟೇ. ಒಣ ಅನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಚೋಕ್ ಎಳೆದಾಗ ಗಾಳಿ ಕಡಿಮೆಯಾಗಿ ಪುನಃ ಹದ ಬರುತ್ತದೆ, ಆದ್ದರಿಂದ ಓಡುತ್ತದೆ. ಇದೇ ತಾವು ಕೇಳಿದ ಯಾಕೆ.

ಹೀಗೆಯೇ ಓಡಿಸಿದರೆ ಇಂಜಿನ್ ಕಾದು ಹಿಡಿದುಕೊಳ್ಳುವ ಅಪಾಯವಿದೆ. ಪೆಟ್ರೋಲ್ ಬಿಡುವ ಜೆಟ್ ಬದಲಿಸಿ ತುತ್ತೂರಿಗೆ ಹೊಂದಿಸಬಹುದು, ಆದರೆ ಶಾಲೆಗೆ ಹೋಗಿ ಬರುವವರಿಗೆ ಆ ಸರ್ಕಸ್ ಬೇಡ. ಹಳೆಯ ಪೆಟ್ಟಿಗೆಯನ್ನು ಬಿಸಾಡಿಲ್ಲವಷ್ಟೆ? ಬಿಸಾಡಿದ್ದರೆ ಹೆಕ್ಕಿ ತರುವುದು. ಅದಕ್ಕೆ ಹೊಂದುವ ಸ್ಪಂಜನ್ನು ಕತ್ತರಿಸಿ ಈ ಲಕೋಟೆಯಲ್ಲಿ ಮಡಚಿ ಇಟ್ಟಿದ್ದೇನೆ. ಅದನ್ನು ಎಣ್ಣೆಯಲ್ಲಿ ಅದ್ದಿ, ಅಂಗೈಗಳ ನಡುವೆ ಚೆನ್ನಾಗಿ ಹಿಂಡಿ ಕೂರಿಸತಕ್ಕದ್ದು. ತಿರುಚಬಾರದು, ಹರಿಯುತ್ತದೆ. ಧೂಳು ಎಣ್ಣೆಗೆ ಅಂಟಿ ನಿಲ್ಲುತ್ತದೆ, ಗಾಳಿ ಮಾತ್ರ ಒಳಗೆ ಹೋಗುತ್ತದೆ.

ವಾಹನವನ್ನು ಗುಜರಿಗೆ ಹಾಕುವ ಅಗತ್ಯವಿಲ್ಲ. ಹಾಗೆ ಹೇಳಿದವನಿಗೆ ಸ್ಪಾನರ್ ಹಿಡಿಯಲು ಬರುವುದಿಲ್ಲ.

ಇತಿ,
ಪ್ರೇಮನಾಥ ರೈ
ಬಿಡಿಭಾಗಗಳ ವ್ಯಾಪಾರಿ, ಬೊಳುವಾರು

*

ಕಲ್ಲುಗುಂಡಿ
18 ನವೆಂಬರ್ 2024

ಅಪ್ಪ,

ವಾಹನ ಮಾಲಕರಿಗೆ ಪತ್ರ ಮುಟ್ಟಿತು. ಅವರು ಅದನ್ನು ಮೂರ್ನಾಲ್ಕು ಸಲ ಓದಿದ್ರು.

ಅನ್ನ ಸಾರಿನ ಲೆಕ್ಕ ಅತ್ತೆಗೂ ಅರ್ಥ ಆಯ್ತು. ದುಗ್ಗಮ್ಮ ಅಂತ ಅವರ ಹೆಸರು, ನಿಮಗೆ ಗೊತ್ತಿರ್ಲಿಕ್ಕಿಲ್ಲ. "ನಿನ್ನ ಅಪ್ಪ ಮೇಷ್ಟ್ರಾಗ್ಬೇಕಿತ್ತು" ಅಂದ್ರು. ಪೆಟ್ಟಿಗೆ ಕೋಳಿಗೂಡಿನ ಮೇಲೆ ಸಿಕ್ಕಿತು, ಅದರಲ್ಲಿ ಒಂದು ಕೋಳಿ ಮೊಟ್ಟೆಗೆ ಕೂತಿತ್ತು. ಕೋಳಿಯನ್ನು ಒಪ್ಪಿಸ್ಲಿಕ್ಕೆ ಒಂದು ಹಗಲು ಹೋಯ್ತು. ಸ್ಪಂಜನ್ನು ನೀವು ಬರೆದ ಹಾಗೆಯೇ ಅದ್ದಿ, ಹಿಂಡಿ, ತಿರುಚದೆ ಕೂರಿಸಿದೆ. ರಕ್ಷಿತ್‌ಗೆ ಮುಟ್ಲಿಕ್ಕೆ ಬಿಡ್ಲಿಲ್ಲ.

ಮಧ್ಯಾಹ್ನ ಊಟ ಮಾಡಿ ಸಂಪಾಜೆ ದಾಟಿ ಘಾಟಿಯಲ್ಲಿ ಸ್ವಲ್ಪ ಮೇಲಿನವರೆಗೆ ಹೋಗಿ ಬಂದೆ. ಒಂದೇ ಎಳೆತ. ಹಿಂದಿನಿಂದ ಹಿಡಿಯುವವರು ಯಾರೂ ಇಲ್ಲ. ಒಬ್ಬಳೇ ಹೋದದ್ದಕ್ಕೆ ಬೇಜಾರಾಯ್ತು, ಯಾರ ಹತ್ರವಾದ್ರೂ ಆ ಖುಷಿ ಹೇಳ್ಬೇಕಿತ್ತು. ಅದಕ್ಕೆ ನಿಮಗೆ ಬರೀತಿದ್ದೇನೆ.

ನಿಮ್ಮ ಬಿಪಿ ಮಾತ್ರೆ ಸರಿಯಾಗಿ ತೆಗೆದುಕೊಳ್ತೀರಾ? ಇದು ವಾಹನದ ಪ್ರಶ್ನೆ ಅಲ್ಲ, ಉತ್ತರ ಕೊಡದಿದ್ರೂ ನಡೀತದೆ.

ಯಶ್ಮಿತಾ

*

ಕಲ್ಲುಗುಂಡಿ
8 ಡಿಸೆಂಬರ್ 2024

ಅಪ್ಪ,

ಬೈಕು ಸರಿಯಾದ ಮೇಲೆ ನಿಮ್ಮ ಪತ್ರ ಬರ್ಲಿಲ್ಲ. ಸರಿ, ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ಯಾಕೆ ಬರೀತಾನೆ ಅಂತ ಸುಮ್ಮನಾದೆ. ಈಗ ಬೈಕು ಪುನಃ ಕೆಟ್ಟಿದೆ. ಸತ್ಯ ಹೇಳ್ತೇನೆ, ನನಗೆ ಅರ್ಧ ಖುಷಿಯೇ ಆಯ್ತು.

ಇದು ಬೇರೆಯೇ ಕಾಯಿಲೆ. ಮೊದಲಿನದಕ್ಕೆ ಪೂರ್ತಿ ಉಲ್ಟಾ. ಬೆಳಗ್ಗೆ ಕಿಕ್ ಹೊಡೆದ್ರೆ ಹತ್ತುದು ಕಷ್ಟ, ಹತ್ತಿದ್ರೂ ಬಾಯಲ್ಲಿ ನೀರು ಇಟ್ಟುಕೊಂಡು ಮಾತಾಡಿದ ಹಾಗೆ ಬಳಬಳ ಅಂತದೆ. ದಟ್ಟ ಹೊಗೆ. ಎಕ್ಸಲೇಟರ್ ಕೊಟ್ರೆ ಮುಳುಗ್ತದೆ. ಪ್ಲಗ್ ಬಿಚ್ಚಿ ನೋಡಿದೆ, ಮಸಿ ಕಪ್ಪು, ಒದ್ದೆ. ಹೊಸ ಪ್ಲಗ್ ಹಾಕಿದ್ರೂ ಮಾರನೇ ದಿನ ಅದೇ ಕತೆ. ಚೋಕ್ ಮುಟ್ಟಿದ್ರೆ ಸತ್ತೇ ಹೋಗ್ತದೆ.

ಸೋಜಿಗ ಇರುದು ಇದರಲ್ಲಿ: ಇದೇ ಬೈಕು ಸಂಜೆ ಶಾಲೆ ಬಿಟ್ಟು ಬರುವಾಗ ಹುಲಿ. ಒಂದು ತಪ್ಪು ಇಲ್ಲ. ಬೆಳಗ್ಗೆ ಒಂದು ಬೈಕು, ಸಂಜೆ ಇನ್ನೊಂದು ಬೈಕು. ಭಾನುವಾರ ಹತ್ತು ಗಂಟೆಯ ಮೇಲೆ ಸ್ಟಾರ್ಟ್ ಮಾಡಿದ್ರೆ ಒಂದೇ ಕಿಕ್. ಯಾಕೆ? ಇದು ಬೈಕಾ, ತಡವಾಗಿ ಏಳುವ ನಮ್ಮ ಅವಿನ್ ಅಣ್ಣನಾ?

ರಕ್ಷಿತ್ ಹೇಳುದು, ಕ್ರಿಸ್ಮಸ್ ರಜೆ ಮುಗಿಯುವಾಗ ಸರಿಯಾಗದಿದ್ರೆ ಇದನ್ನು ಕೊಟ್ಟು ಸ್ಕೂಟರ್ ತೆಗೆಯುವ ಅಂತ. ಅವರು ಹೇಳುದು ತಪ್ಪಲ್ಲ, ಚಳಿಯಲ್ಲಿ ನಾನು ರಸ್ತೆ ಬದಿ ಕಿಕ್ ಹೊಡೀತಾ ನಿಲ್ಲುದು ಅವರಿಗೆ ನೋಡ್ಲಿಕ್ಕಾಗುದಿಲ್ಲ. ಆದ್ರೆ ಹೊಸ ಸ್ಕೂಟರಿನಲ್ಲಿ ಕಾರ್ಬೊರೇಟರೇ ಇಲ್ಲ ಅಪ್ಪ. ಅದು ಬಂದ್ರೆ ನಿಮಗೆ ಬರೀಲಿಕ್ಕೆ ನನ್ನ ಹತ್ರ ಎಂತ ಇರ್ತದೆ?

ಯಶ್ಮಿತಾ

*

ಪುತ್ತೂರು
11 ಡಿಸೆಂಬರ್ 2024

ಕಲ್ಲುಗುಂಡಿಯವರಿಗೆ,

ಸ್ಕೂಟರ್ ತೆಗೆಯುವ ಆತುರ ಬೇಡ.

ಇದು ವಿಚಿತ್ರ ಪ್ರಕರಣ. ಪ್ಲಗ್ ಕಪ್ಪು, ಒದ್ದೆ ಅಂದರೆ ಈಗ ಸಾರು ಹೆಚ್ಚಾಗಿದೆ, ಇಲ್ಲವೇ ಅನ್ನ ಕಡಿಮೆಯಾಗಿದೆ. ಅನ್ನ ಕಡಿಮೆಯಾಗಲು ಕಾರಣವಿಲ್ಲ, ಸ್ಪಂಜು ನಾನೇ ಕತ್ತರಿಸಿ ಕಳಿಸಿದ್ದು. ಆದ್ದರಿಂದ ಸಾರನ್ನೇ ನೋಡಬೇಕು. ಮೂರು ಅನುಮಾನ. ಚೋಕಿನ ಕೇಬಲ್ ಚಳಿಗೆ ಹಿಡಿದು ಪೂರ್ತಿ ಕೆಳಗೆ ಇಳಿಯದೆ ಇರಬಹುದು. ಕಾರ್ಬೊರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ತಡೆಯುವ ಸಣ್ಣ ಪಿನ್ ಸರಿಯಾಗಿ ಕೂರದೆ ತುಂಬಿ ಹರಿಯುತ್ತಿರಬಹುದು. ಇಬ್ಬನಿಯ ನೀರು ಟ್ಯಾಂಕಿಗೆ ಇಳಿದಿರಬಹುದು. ಬಟ್ಟಲಿನ ಸ್ಕ್ರೂ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಪೆಟ್ರೋಲ್ ಇಳಿಸಿ ನೋಡುವುದು, ನೀರಿದ್ದರೆ ಅಡಿಯಲ್ಲಿ ಗುಂಡು ಗುಂಡಾಗಿ ನಿಲ್ಲುತ್ತದೆ.

ಬೆಳಗ್ಗೆ ಮಾತ್ರ ಯಾಕೆ ಎಂಬುದು ನನಗೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಕೂತರೂ ಅದೇ ತಲೆಯಲ್ಲಿ. ನಿನ್ನೆ ಒಬ್ಬರು ಬ್ರೇಕ್ ಶೂ ಕೇಳಿದ್ದಕ್ಕೆ ಕ್ಲಚ್ ಪ್ಲೇಟ್ ಕೊಟ್ಟೆ.

ಸದ್ದು ಕೇಳದೆ ಹೇಳ್ಲಿಕ್ಕಾಗುದಿಲ್ಲ. ಬರುವ ಆದಿತ್ಯವಾರ ಬೆಳಗ್ಗೆ ಅಮ್ಮನ ಫೋನಿನಿಂದ ಕರೆ ಬರುತ್ತದೆ. ಯಾರೂ ಮಾತಾಡುವುದು ಬೇಡ. ಬೈಕು ಸ್ಟಾರ್ಟ್ ಮಾಡಿ, ಫೋನನ್ನು ಮೊದಲು ಸೈಲೆನ್ಸರಿನ ಹತ್ತಿರ, ಆಮೇಲೆ ಕಾರ್ಬೊರೇಟರಿನ ಹತ್ತಿರ ಹಿಡಿಯುವುದು.

ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಪ್ರೇಮನಾಥ ರೈ

*

ಕಲ್ಲುಗುಂಡಿ
15 ಡಿಸೆಂಬರ್ 2024

ಅಪ್ಪ,

ಲೋಟದಲ್ಲಿ ನೀರು ಇರ್ಲಿಲ್ಲ. ಚೋಕಿನ ಕೇಬಲ್ ಬೆಣ್ಣೆಯ ಹಾಗೆ ಆಡ್ತದೆ. ಪಿನ್ನೂ ಸರಿ ಉಂಟು, ಬಟ್ಟಲು ತುಂಬಿ ಹರಿಯುದಿಲ್ಲ. ಮೂರು ಅನುಮಾನವೂ ಹೋಯ್ತು.

ಇವತ್ತು ಬೆಳಗ್ಗಿನ ವಿಷಯ ಬರೀಬೇಕಾ ಬೇಡ್ವಾ ಅಂತ ತುಂಬ ಹೊತ್ತು ಕೂತೆ. ನಮ್ಮಲ್ಲಿ ನೆಟ್‌ವರ್ಕ್ ಇರುದು ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಹತ್ರ ಮಾತ್ರ. ಬೈಕನ್ನು ಅಲ್ಲಿಗೆ ತಳ್ಳಿಕೊಂಡು ಬಂದೆ. ಫೋನ್ ಬಂತು. ನಾನು ಹಲೋ ಅಂತಲೂ ಹೇಳ್ಲಿಲ್ಲ, ನೀವು ಹೇಳಿದ ಹಾಗೆ. ಆ ಕಡೆ ನಿಮ್ಮ ಉಸಿರು ಕೇಳ್ತಿತ್ತು. ಅಮ್ಮ ಹಿಂದೆ ಎಂತದೋ ಗೊಣಗಿದ್ದೂ ಕೇಳ್ತಿತ್ತು. ರಕ್ಷಿತ್ ಫೋನನ್ನು ಸೈಲೆನ್ಸರಿನ ಹತ್ರ ಹಿಡಿದ್ರು, ನಾನು ಕಿಕ್ ಹೊಡೆದೆ. ಹತ್ತಿತು, ಬಳಬಳ ಅಂತು, ಸಾಯ್ಲಿಕ್ಕೆ ಹೊರಟಿತು. ಗಾಬರಿಯಲ್ಲಿ ನನ್ನ ಕೈ ಚೋಕಿಗೆ ಹೋಯ್ತು.

ಆಗ ಫೋನಿನಿಂದ, "ಚೋಕ್ ಬಿಡು ಮಗಾ, ಚೋಕ್ ಬಿಡು."

ಕೂಡ್ಲೆ ಕಟ್ ಆಯ್ತು.

ರಕ್ಷಿತ್ ಫೋನ್ ಹಿಡಿದುಕೊಂಡು ನನ್ನ ಮುಖ ನೋಡಿದ್ರು. ನಾನು ಒಗೆಯುವ ಕಲ್ಲಿನ ಮೇಲೆ ಕೂತು ಸ್ವಲ್ಪ ಅತ್ತೆ. ಎರಡು ವರ್ಷದ ಮೇಲೆ ನಿಮ್ಮ ಸ್ವರ ಕೇಳಿದ್ದು. ಸ್ವಲ್ಪ ದಪ್ಪ ಆಗಿದೆ, ಶೀತ ಉಂಟಾ?

ಯಶ್ಮಿತಾ

*

ಪುತ್ತೂರು
18 ಡಿಸೆಂಬರ್ 2024

ಯಶ್ಮಿತಾ,

ಆ ದಿನ ಬಾಯಿಂದ ಬಂದದ್ದು ಬೈಕಿಗೆ ಹೇಳಿದ್ದು, ನಿನಗಲ್ಲ. ಅದನ್ನು ಅಷ್ಟಕ್ಕೇ ಬಿಡುವುದು.

ಸದ್ದು ಕೇಳಿ ನನಗೆ ಅನಿಸಿದ್ದು, ಇದು ಪೆಟ್ರೋಲ್ ಹೆಚ್ಚಾದ ಸದ್ದಲ್ಲ. ಉಸಿರು ಕಟ್ಟಿದ ಸದ್ದು. ಯಾರೋ ಮೂಗು ಮುಚ್ಚಿದ ಹಾಗೆ. ಆದರೆ ಸ್ಪಂಜು ಹೊಸತು, ಮತ್ತು ಸಂಜೆ ಅದೇ ಮೂಗಿನಲ್ಲಿ ಚೆನ್ನಾಗಿ ಉಸಿರಾಡುತ್ತದೆ. ಸಂಜೆ ಇಲ್ಲದ್ದು ಬೆಳಗ್ಗೆ ಎಂತ ಇರ್ತದೆ? ಇದನ್ನು ಹಿಡಿಯದೆ ನಾನು ಬಿಡುದಿಲ್ಲ. ಹಾಗಾಗಿ ಕೆಳಗಿನದ್ದಕ್ಕೆಲ್ಲ ಉತ್ತರ ಬೇಕು.

ಬೈಕು ನಿಲ್ಲಿಸುದು ಒಳಗಾ, ಹೊರಗಾ? ಅಲ್ಲಿಗೆ ಬಿಸಿಲು ಯಾವಾಗ ಬೀಳ್ತದೆ? ಹೊಳೆ ಎಷ್ಟು ಹತ್ತಿರ? ಹಿಂದಿನ ದಿನಕ್ಕಿಂತ ಹೆಚ್ಚು ಚಳಿ ಇದ್ದ ದಿನ ಕಾಯಿಲೆ ಹೆಚ್ಚಾ? ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡುದು? ತಿಂಡಿ ತಿಂದು ಹೊರಡುದಾ, ಖಾಲಿ ಹೊಟ್ಟೆಯಲ್ಲಾ? ಕಿಕ್ ಹೊಡೆಯುವವರಿಗೆ ಶಕ್ತಿ ಉಂಟಾ ಇಲ್ವಾ ಗೊತ್ತಾಗ್ಬೇಕು, ಅದಕ್ಕೆ ಕೇಳಿದ್ದು. ಸ್ವೆಟರ್ ಉಂಟಾ?

ಶೀತ ಅಲ್ಲ. ಸ್ವರ ಹಾಗೆಯೇ.

ಪ್ರೇಮನಾಥ ರೈ

*

ಕಲ್ಲುಗುಂಡಿ
26 ಡಿಸೆಂಬರ್ 2024

ಅಪ್ಪ,

ಸಿಕ್ಕಿತು. ಕಳ್ಳ ಸಿಕ್ಕಿಬಿದ್ದ.

ನಿಮ್ಮ ಪ್ರಶ್ನೆ ಓದಿ ರಕ್ಷಿತ್ ನಗಾಡಿದ್ರು, "ನಿನ್ನ ಅಪ್ಪ ಬೈಕಿನ ಜಾತಕ ಕೇಳ್ತಿದ್ದಾರಾ ನಿನ್ನದಾ?" ಅಂತ. ಬೈಕು ಕೊಟ್ಟಿಗೆಯ ಮಾಡಿನ ಅಡಿಯಲ್ಲಿ, ಗುಡ್ಡೆ ಅಡ್ಡ ಇರುದರಿಂದ ಬಿಸಿಲು ಬೀಳುವಾಗ ತಡ, ಹೊಳೆ ಹತ್ತಿರವೇ, ಚಳಿ ಹೆಚ್ಚಾದ ದಿನ ಕಾಯಿಲೆಯೂ ಹೆಚ್ಚು. ತಿಂಡಿ ತಿಂದೇ ಹೊರಡುದು, ಅತ್ತೆ ತಿನ್ನಿಸದೆ ಬಿಡುದಿಲ್ಲ. ಸ್ವೆಟರ್ ಉಂಟು.

ನಿನ್ನೆ ಬೆಳಗ್ಗೆ ಇದನ್ನೆಲ್ಲ ಬರೆಯುವ ಅಂತ ಕೂತವಳು ತಲೆಗೆ ಸ್ನಾನ ಮಾಡಿ ಬರೆಯುವ ಅಂತ ಎದ್ದೆ. ಎಣ್ಣೆಯ ಬಾಟ್ಲಿ ಬೋರಲು ಹಾಕಿದ್ರೆ ಒಂದು ಹನಿ ಬೀಳುದಿಲ್ಲ. ಗಟ್ಟಿ, ಬೆಳ್ಳಗೆ, ತುಪ್ಪದ ಹಾಗೆ. ಅತ್ತೆ ಅಡಿಗೆ ಕೋಣೆಯಿಂದಲೇ, "ಒಲೆ ಹತ್ರ ಇಡು, ಇಲ್ಲ ಬಿಸಿಲು ಬರ್ಲಿ, ಕರಗ್ತದೆ" ಅಂದ್ರು.

ಬಿಸಿಲು ಬರ್ಲಿ, ಕರಗ್ತದೆ. ಕೈಯಲ್ಲಿ ಬಾಟ್ಲಿ ಹಿಡಿದುಕೊಂಡೇ ಕೊಟ್ಟಿಗೆಗೆ ಓಡಿದೆ. ಪೆಟ್ಟಿಗೆ ಬಿಚ್ಚಿದೆ. ನೀವು ಕಳಿಸಿದ ಸ್ಪಂಜು ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಒಂದು ತೂತು ತೆರೆದಿರ್ಲಿಲ್ಲ. ಬೈಕು ಪಾಪ ಬೆಣ್ಣೆ ಮೆತ್ತಿದ ಮೂಗಿನಲ್ಲಿ ಉಸಿರಾಡ್ಬೇಕಿತ್ತು.

ಹೌದಪ್ಪ, ನಾನು ಅದ್ದಿದ್ದು ತೆಂಗಿನೆಣ್ಣೆಯಲ್ಲಿ. ನಮ್ಮದೇ ಕೊಬ್ಬರಿ, ಗಾಣದಲ್ಲಿ ತೆಗೆಸಿದ್ದು. ಬೈಯುವ ಮೊದಲು ನಿಮ್ಮ ಪತ್ರ ನೆನಪು ಮಾಡಿಕೊಳ್ಳಿ. "ಎಣ್ಣೆಯಲ್ಲಿ ಅದ್ದಿ" ಅಂತ ಬರೆದಿದ್ರಿ. ಮನೆಯಲ್ಲಿ ಎಣ್ಣೆ ಅಂದ್ರೆ ತೆಂಗಿನೆಣ್ಣೆ ಬಿಟ್ಟು ಬೇರೆ ಎಂತ? ಅಂಗಡಿಯಲ್ಲಿ ಬೆಳೆದವಳು ನಾನು, ನನಗೆ ಗೊತ್ತಾಗ್ಬೇಕಿತ್ತು ಅಂತ ನೀವು ಹೇಳ್ಬಹುದು. ಅಂಗಡಿಯಲ್ಲಿ ಬೆಳೆದದ್ದೇ ತೊಂದ್ರೆ ಆದದ್ದು. ಅಲ್ಲಿ ನೀವು ಒಂದು ದಿನವೂ ಎಣ್ಣೆ ಅಂತ ಹೇಳಿದವರಲ್ಲ. ಇಂಜಿನ್ ಆಯಿಲ್, ಗೇರ್ ಆಯಿಲ್, ಟೂ ಟೀ ಆಯಿಲ್, ಎಲ್ಲ ಆಯಿಲ್ಲೇ. ಹಾಗಿದ್ದವರು ಎಣ್ಣೆ ಅಂತ ಬರೆದಾಗ, ಇದು ಆಯಿಲ್ ಅಲ್ಲ, ಅಪ್ಪ ಯಾರಿಗೂ ಹೇಳದ ಗುಟ್ಟು ಇದು ಅಂತ ಗ್ರಹಿಸಿ ಒಳ್ಳೇ ಎಣ್ಣೆಯನ್ನೇ ಹುಡುಕಿ ಹಾಕಿದೆ.

ಸ್ಪಂಜನ್ನು ಸಾಬೂನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಇಂಜಿನ್ ಆಯಿಲ್ಲಿನಲ್ಲಿ ಅದ್ದಿ ಹಿಂಡಿ ಹಾಕಿದೆ. ಇವತ್ತು ಬೆಳಗ್ಗೆ, ಉಸಿರು ಬಿಟ್ರೆ ಹೊಗೆ ಬರುವ ಚಳಿಯಲ್ಲಿ, ಎರಡನೇ ಕಿಕ್ಕಿಗೆ ಹತ್ತಿತು. ರಕ್ಷಿತ್ ಸ್ಕೂಟರಿನ ಮಾತು ಬಿಟ್ಟಿದ್ದಾರೆ.

ಇನ್ನು ಬೈಕಿನಲ್ಲಿ ಎಂತ ತೊಂದ್ರೆಯೂ ಇಲ್ಲ. ಅದೇ ಈಗ ನನ್ನ ತೊಂದ್ರೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ, ವಾಹನದ್ದೇ. ನೀವು ಬೈಕಿಗೆ ಮಗಾ ಅಂತ ಕರೆಯುದು ಯಾವತ್ತಿನಿಂದ?

ಯಶ್ಮಿತಾ

*

ಪುತ್ತೂರು
3 ಜನವರಿ 2025

ಮಗಾ,

ನಿನ್ನ ಪತ್ರ ಅಂಗಡಿಯಲ್ಲಿ ಓದಿದೆ. ಓದಿ ಒಬ್ಬನೇ ನಗಾಡಿದೆ. ಪಕ್ಕದ ಪಂಕ್ಚರ್ ಅಂಗಡಿಯ ಕಲಂದರ್ ಬಂದು, "ಎಂತಾಯ್ತು ರೈಗಳೇ, ಅಂಗಡಿಗೆ ಗಿರಾಕಿ ಬಂದ್ರಾ?" ಅಂತ ಕೇಳಿದ. ತೆಂಗಿನೆಣ್ಣೆಯ ವಿಷಯ ಹೇಳಿದೆ. ಅವನು ಟಯರಿನ ಮೇಲೆ ಕೂತು ನಗಾಡಿದ. ಈಗ ಇಡೀ ಬೊಳುವಾರಿಗೆ ಗೊತ್ತುಂಟು.

ನಗೆ ಮುಗಿದ ಮೇಲೆ ಬೇಜಾರು ಶುರುವಾಯ್ತು. ಆಯಿಲ್ ಅಂತ ಬರೀಲಿಕ್ಕೆ ನನಗೆ ಎಂತ ಧಾಡಿ? ಪೆನ್ನು ಹಿಡಿದ ಕೂಡ್ಲೆ ನನಗೆ ಶಾಲೆಯ ಕನ್ನಡ ಬರುದು, ಅದರಲ್ಲಿ ಎಲ್ಲವೂ ಎಣ್ಣೆಯೇ. ಫೋನಿನಲ್ಲಿ ಬಾಯಿಬಿಟ್ಟು ಹೇಳಿದ್ರೆ ಆಯಿಲ್ ಅಂತಲೇ ಬರ್ತಿತ್ತು. ನೀನು ಯಾವ ಆಯಿಲ್ ಅಂತ ಕೇಳ್ತಿದ್ದೆ, ನಾನು ಬೈದು ಹೇಳ್ತಿದ್ದೆ, ಅಲ್ಲಿಗೆ ಮುಗೀತಿತ್ತು. ಚಳಿಯಲ್ಲಿ ನೀನು ದಿನಾ ರಸ್ತೆ ಬದಿ ನಿಲ್ಲುದು ಇರ್ಲಿಲ್ಲ. ಸ್ಪಂಜು ನಾನೇ ಕಳಿಸಿದ್ದು ಅಂತ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿಸಿದೆ ನಾನು. ಅಮ್ಮ ಇದನ್ನು ಕೇಳಿ, "ನಿಮ್ಮಿಬ್ಬರಿಗೆ ಕಾಗದ ಆಗುದಿಲ್ಲ, ಬಾಯಿಯೇ ಆಗ್ಬೇಕು" ಅಂದ್ಲು. ಅವಳು ಹೇಳಿದ್ದು ಹೌದು.

ನಿನ್ನೆ ಅಂಗಡಿ ಮುಚ್ಚಿ ಕಡಬಕ್ಕೆ ಹೋದೆ. ದೈವದ ಎದುರು ಆಡಿದ ಮಾತನ್ನು ಸುಮ್ಮನೆ ನುಂಗ್ಲಿಕ್ಕೆ ಆಗುದಿಲ್ಲ, ಮಾತು ತಪ್ಪಿದವನು ತಪ್ಪು ಕಾಣಿಕೆ ಹಾಕಿ ಕೈ ಮುಗಿಯುದು ನಮ್ಮ ಮನೆಯ ಕ್ರಮ. ಚಾವಡಿಯಲ್ಲಿ ಸೀತು ದೊಡ್ಡಮ್ಮ ದೀಪದ ಬತ್ತಿ ಹೊಸೀತಾ ಇದ್ರು. ಕಣ್ಣು ಕಾಣುದಿಲ್ಲ, ಕಿವಿ ಮಾತ್ರ ಚುರುಕು. ನಾನು ಕಿಸೆಯಿಂದ ಒಂದು ಹಿಡಿ ಚಿಲ್ಲರೆ ತೆಗೆದು ದೈವದ ಎದುರು ಹಾಕಿದ ಸದ್ದು ಕೇಳಿ, "ಯಾರು, ಪ್ರೇಮನಾ? ಎಂತಕ್ಕೆ ಕಾಣಿಕೆ?" ಅಂತ ಕೇಳಿದ್ರು.

"ಯಶ್ಮಿತಾಳ ಹತ್ರ ಮಾತಾಡಿದೆ ದೊಡ್ಡಮ್ಮ" ಅಂದೆ.

"ಎಷ್ಟು ಮಾತಾಡಿದಿ?"

"ಫೋನಿನಲ್ಲಿ. ಒಂದೇ ಮಾತು."

"ಒಂದು ಮಾತಿಗೆ ಇಷ್ಟೊಂದು ಹಾಕುದಾ?"

"ಇನ್ನು ಆಡ್ಲಿಕ್ಕೆ ಇರುದಕ್ಕೂ ಸೇರಿಸಿ ಹಾಕಿದ್ದು" ಅಂದೆ.

ದೊಡ್ಡಮ್ಮ ಬತ್ತಿ ಹೊಸೆಯುದು ನಿಲ್ಲಿಸಿದ್ರು. "ಹಾಗಾದ್ರೆ ಇದು ಸಾಕಾಗ್ಲಿಕ್ಕಿಲ್ಲ ಮಗಾ, ಇನ್ನೂ ಹಾಕು" ಅಂದ್ರು. ನಾನು ಎರಡೂ ಕಿಸೆ ಮಗುಚಿ ಹಾಕಿದೆ. ವಾಪಸು ಬರ್ಲಿಕ್ಕೆ ಬಸ್ಸಿನ ದುಡ್ಡು ದೊಡ್ಡಮ್ಮನ ಹತ್ರವೇ ಕೇಳ್ಬೇಕಾಯ್ತು.

ನಾಳೆ ಬೆಳಗ್ಗಿನ ಬಸ್ಸಿಗೆ ಅಮ್ಮನೂ ನಾನೂ ಹೊರಡ್ತೇವೆ. ಈ ಪತ್ರ ಕಲ್ಲುಗುಂಡಿಗೆ ಮುಟ್ಟುವ ಮೊದಲು ನಾವು ಮುಟ್ಟಿರ್ತೇವೆ, ಹಾಗಾಗಿ ನೀನು ಇದನ್ನು ಓದುವಾಗ ಎಲ್ಲ ನನ್ನ ಬಾಯಲ್ಲೇ ಕೇಳಿ ಆಗಿರ್ತದೆ. ನಿನ್ನನ್ನು ಕಂಡ ಕೂಡ್ಲೆ ನನಗೆ ಸ್ವರ ಹೊರಡದಿದ್ರೆ ಮಾತ್ರ, ಹೇಳ್ಲಿಕ್ಕೆ ಇದ್ದದ್ದು ಈ ಬರೆದದ್ದೇ ಅಂತ ತಿಳ್ಕೋ.

ಅಪ್ಪ